ಬರ್ಲಿನ್ ನೀರಿಗೆ ತಿಪಟೂರಿನ ಎಣ್ಣೆ

ತಿಪಟೂರು
6 ಡಿಸೆಂಬರ್

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಜ್ಜಿಯ ಮಂಡಿನೋವು ಹಾಗೇ ಇದೆ, ನಿಮ್ಮಪ್ಪನ ಗೊಣಗಾಟವೂ ಹಾಗೇ ಇದೆ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಸರಿ ಅಮ್ಮ, ಕ್ಲಾಸಿದೆ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇಷ್ಟು ವರ್ಷ ಪಾರ್ಲರ್ ನಡೆಸಿದವಳ ಮಗಳು ಯೂಟ್ಯೂಬ್ ನೋಡಿ ತಲೆಗೆ ಈರುಳ್ಳಿ ರಸ ಹಚ್ಚಿಕೊಂಡಳು ಅಂದರೆ ಹೇಗೆ ಹೇಳು!

ಮೊದಲು ಕೂದಲ ವಿಷಯ. ಕಂತೆ ಕಂತೆ ಉದುರುತ್ತಿದೆ ಅಂತ ಅಳುತ್ತಿದ್ದೆಯಲ್ಲ, ಎಲ್ಲದಕ್ಕೂ ಅಲ್ಲಿನ ನೀರನ್ನೇ ಬೈಯಬೇಡ. ಬರ್ಲಿನ್ ನೀರು ಗಡಸು, ನಿಜ. ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ನಿನ್ನ ಕೆಟಲಿನ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಆ ಸುಣ್ಣವೇ ಕೂದಲ ಮೇಲೂ ಕೂರುತ್ತದೆ. ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಬಾಚುವಾಗ ತುಂಡಾಗುತ್ತದೆ. ಬುಡಸಮೇತ ಉದುರುವುದು ಬೇರೆ ಕಥೆ. ಒಂದು ಎಳೆ ತೆಗೆದು ಬೆಳಕಿಗೆ ಹಿಡಿದು ನೋಡು. ಒಂದು ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಸಣ್ಣದೊಂದು ಬಿಳಿ ಗಂಟು ಇದ್ದರೆ ಅದು ಬುಡದಿಂದ ಬಂದದ್ದು. ಇಲ್ಲದಿದ್ದರೆ ನಡುವೆ ಮುರಿದದ್ದು.

ಬುಡದಿಂದ ಬರುತ್ತಿದ್ದರೆ ಗಾಬರಿ ಬೇಡ. ಬಾಣಂತನ ಮುಗಿಸಿದವರು, ಡೆಂಗ್ಯೂ ಬಂದು ಎದ್ದವರು ಪಾರ್ಲರಿಗೆ ಬಂದು ಇದನ್ನೇ ಹೇಳಿಕೊಳ್ಳುತ್ತಾರೆ. ಮೈಗೋ ಮನಸ್ಸಿಗೋ ದೊಡ್ಡ ಪೆಟ್ಟು ಬಿದ್ದರೆ ಕೂದಲು ಆಗಲೇ ಉದುರುವುದಿಲ್ಲ, ಎರಡು ಮೂರು ತಿಂಗಳು ಬಿಟ್ಟು ಉದುರುತ್ತದೆ. ನೀನು ಹೊರಟಿದ್ದು ಸೆಪ್ಟೆಂಬರಿನಲ್ಲಿ. ವೀಸಾ ಓಡಾಟ, ರೂಮಿನ ಹುಡುಕಾಟ, ಅಡುಗೆ ಮಾಡಲಾರದೆ ಬ್ರೆಡ್ ತಿಂದು ಮಲಗಿದ್ದು, ಎಲ್ಲ ಸೇರಿ ಈಗ ತೋರಿಸುತ್ತಿದೆ ಅಷ್ಟೇ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ಬೇಳೆ, ಮೊಟ್ಟೆ, ಸೊಪ್ಪು ತಿನ್ನು. ಆರು ತಿಂಗಳಾದರೂ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ ಕಬ್ಬಿಣಾಂಶ, ಥೈರಾಯ್ಡ್ ನೋಡಿಸು. ಇನ್ಶೂರೆನ್ಸಿಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತೀಯಲ್ಲ, ಸುಮ್ನೆ ಕಾರ್ಡ್ ಇಟ್ಟುಕೊಂಡು ಏನು ಮಾಡುತ್ತೀಯ? ಚರ್ಮದ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗಲು ಅಲ್ಲಿ ವಾರಗಟ್ಟಲೆ ಕಾಯಬೇಕಂತೆ. ಆದ್ದರಿಂದ ಮುಂಚೆಯೇ ಕೇಳಿಡು. 116117 ಅನ್ನೋ ಅಲ್ಲಿನ ಡಾಕ್ಟರ ಸಹಾಯವಾಣಿಗೆ ಫೋನ್ ಮಾಡಿದರೂ ಅಪಾಯಿಂಟ್‌ಮೆಂಟಿಗೆ ಸಹಾಯ ಮಾಡುತ್ತಾರೆ.

ಸುಣ್ಣಕ್ಕೆ ಮಾತ್ರ ಸುಲಭದ ಉಪಾಯ ಇದೆ. ಶಾಂಪೂ ತೊಳೆದ ಮೇಲೆ ಒಂದು ಮಗ್ ನೀರಿಗೆ ಒಂದು ಚಮಚ ವಿನೆಗರ್ ಹಾಕಿ ತಲೆಗೆ ಸುರಿದುಕೊಂಡು, ಆಮೇಲೆ ಬರೀ ನೀರು ಹಾಕಿಕೋ. ತಲೆಯಲ್ಲಿ ಗಾಯ ಇದ್ದರೆ ಬೇಡ. ಅದೇ ವಿನೆಗರನ್ನು ಕೆಟಲಿಗೂ ಹಾಕಿ ಕುದಿಸು, ಅದೂ ಸ್ವಚ್ಛವಾಗಲಿ.

ಎದುರುಮನೆ ಆಂಟಿಯ ಮಗ ಮುಂದಿನ ವಾರ ಬರ್ಲಿನ್ನಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಗಾಣದ ಕೊಬ್ಬರಿ ಎಣ್ಣೆ ಕಳಿಸುತ್ತಿದ್ದೇನೆ. ಅಜ್ಜಿ ನಾಲ್ಕು ಕೊಬ್ಬರಿ ಗಿಟುಕು, ಒಂದು ಡಬ್ಬಿ ತುಪ್ಪ ತಂದು ಇಟ್ಟಿದ್ದರು. ಎರಡನ್ನೂ ತೆಗೆದೆ. ಕೊಬ್ಬರಿ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು ಅಂತ ವಿಮಾನದವರು ಬಿಡುವುದಿಲ್ಲ. ಹಾಲಿನ ಪದಾರ್ಥ ಯಾವುದನ್ನೂ ಯುರೋಪಿನೊಳಗೆ ಹೀಗೆ ಒಯ್ಯುವಂತಿಲ್ಲ, ತುಪ್ಪವೂ ಅದರಲ್ಲೇ ಬರುತ್ತದೆ. ಕೊಬ್ಬರಿಗೇ ಹೆಸರಾದ ಊರಿನಿಂದ ಒಂದು ಗಿಟುಕು ಕಳಿಸಲು ಆಗಲ್ವಾ ಅಂತ ಅಜ್ಜಿಗೆ ಇನ್ನೂ ಸಿಟ್ಟು. ತುಟಿಗೆ ತುಪ್ಪದ ಬದಲು ವ್ಯಾಸಲೀನ್ ಸಾಕು.

ಎಣ್ಣೆ ಅಲ್ಲಿ ಗಟ್ಟಿಯಾಗುತ್ತದೆ. 24 ಡಿಗ್ರಿಗಿಂತ ಕೆಳಗೆ ಹೋದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದೇ, ಕೆಟ್ಟಿದೆ ಅಂತ ಎಸೆಯಬೇಡ. ಬಾಟಲಿಯನ್ನು ಬಿಸಿನೀರಿನ ಮಗ್ಗಿನಲ್ಲಿ ಐದು ನಿಮಿಷ ಇಡು. ತಲೆ ತೊಳೆಯುವ ಹಿಂದಿನ ರಾತ್ರಿ ಸ್ವಲ್ಪ ಹಚ್ಚು, ದಿಂಬಿನ ಮೇಲೆ ಹಳೇ ಟವೆಲ್ ಹಾಸು. ಸೀಗೆಪುಡಿ ಕಳಿಸುತ್ತಿಲ್ಲ. ನಾಲ್ಕು ಹುಡುಗಿಯರು ಬಳಸುವ ಬಾತ್‌ರೂಮ್ ಅದು. ಸೀಗೆಪುಡಿ, ಎಣ್ಣೆ, ಉದುರಿದ ಕೂದಲು ಮೂರೂ ಸೇರಿ ಪೈಪ್ ಕಟ್ಟಿಕೊಂಡರೆ ದಂಡ ನಿನಗೇ. ಸ್ನಾನ ಆದ ಮೇಲೆ ಕಿಟಕಿ ಪೂರ್ತಿ ತೆಗೆದು ಸ್ವಲ್ಪ ಹೊತ್ತು ಬಿಡು, ಇಲ್ಲದಿದ್ದರೆ ಗೋಡೆಗೆ ಬೂಸ್ಟು ಹಿಡಿಯುತ್ತದೆ.

ಪಾರ್ಸೆಲ್ಲಿನಲ್ಲಿ ನನ್ನ ಹಳೇ ರೇಷ್ಮೆ ಬ್ಲೌಸಿನ ಬಟ್ಟೆ ಇದೆ. ಅದನ್ನು ನಿನ್ನ ಉಣ್ಣೆ ಟೋಪಿಯ ಒಳಗೆ ಲೈನಿಂಗ್ ಹಾಗೆ ಹೊಲಿದುಕೋ. ಉಣ್ಣೆ ಉಜ್ಜಿ ಉಜ್ಜಿ ನೆತ್ತಿಯ ಹತ್ತಿರದ ಕೂದಲು ಮುರಿಯುತ್ತದೆ. ಟೋಪಿ ಜಾರದ ಹಾಗೆ ಅಂಚಿನಲ್ಲಿ ಒಂದು ಬೆರಳಷ್ಟು ಉಣ್ಣೆ ಬಿಟ್ಟು ಹೊಲಿ. ದೊಡ್ಡ ಹೊಲಿಗೆ ಹಾಕಿದರೂ ಪರವಾಗಿಲ್ಲ, ಯಾರು ಒಳಗೆ ನೋಡುತ್ತಾರೆ?

ಇನ್ನು ಚರ್ಮ. ಕೈ ಹಿಂಭಾಗ ಒಡೆದಿದ್ದು ವಿಡಿಯೋದಲ್ಲೇ ಕಂಡಿತು. ಚಳಿಗಾಲದ ಗಾಳಿಯಲ್ಲಿ ತೇವವೇ ಕಡಿಮೆ. ಆ ಗಾಳಿಯನ್ನು ಹೀಟರ್ ಬಿಸಿ ಮಾಡಿದರೆ ರೂಮು ಇನ್ನೂ ಒಣಗುತ್ತದೆ, ನಿನ್ನ ಮೈಯಿಂದ ನೀರು ಎಳೆಯುತ್ತದೆ. ಅದರ ಮೇಲೆ ನೀನು ಅರ್ಧ ಗಂಟೆ ಕುದಿಯೋ ನೀರಲ್ಲಿ ನಿಲ್ಲುತ್ತೀಯ. ಉಗುರುಬೆಚ್ಚಗಿನ ನೀರು, ಬೇಗ ಮುಗಿಸು. ಟವೆಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ಹಸಿಯಾಗಿ ಇರುವಾಗಲೇ ಕ್ರೀಮ್ ಹಚ್ಚು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅಷ್ಟು ಉಪಯೋಗ ಆಗಲ್ಲ. ದುಬಾರಿದು ಬೇಡ. ಡ್ರಗ್‌ಸ್ಟೋರಿನ ಸ್ವಂತ ಬ್ರ್ಯಾಂಡಿನಲ್ಲೇ ಯೂರಿಯಾ ಕ್ರೀಮ್ ಸಿಗುತ್ತದೆ. ಮೈಗೆ 5 ಪರ್ಸೆಂಟಿನದು, ಹಿಮ್ಮಡಿಗೆ 10ರದ್ದು. ರಕ್ತ ಬರುವಷ್ಟು ಒಡೆದ ಕಡೆ ಅದು ಉರಿಯುತ್ತದೆ, ಅಲ್ಲಿಗೆ ಬರೀ ವ್ಯಾಸಲೀನ್. ನಮ್ಮ ಮನೆಯ ನೀಲಿ ಡಬ್ಬಿಯ ನಿವಿಯಾ 1911ರಿಂದಲೂ ಜರ್ಮನಿಯದೇ, ಅದನ್ನು ಇಲ್ಲಿಂದ ಕಳಿಸು ಅಂತ ಕೇಳುತ್ತೀಯಲ್ಲ! ಕಡಲೆಹಿಟ್ಟು ಮಾತ್ರ ಬೇಸಿಗೆಯವರೆಗೆ ಬಿಟ್ಟುಬಿಡು, ಇರುವ ಜಿಡ್ಡನ್ನೂ ತೆಗೆಯುತ್ತದೆ. ನಾಲ್ಕು ಗಂಟೆಗೆಲ್ಲ ಕತ್ತಲಾಗುವ ತಿಂಗಳಲ್ಲಿ ಸನ್‌ಸ್ಕ್ರೀನಿಗೆ ದುಡ್ಡು ಹಾಕಬೇಡ. ಏಪ್ರಿಲ್ ಬಂದ ಮೇಲೆ ತಪ್ಪಿಸಬೇಡ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬಿಸಿಲಿಲ್ಲದೆ ನೀನು ಸ್ವಲ್ಪ ತಿಳಿಯಾಗಿದ್ದೀಯ. "ಫಾರಿನ್ ನೀರು ಹಿಡಿದಿದೆ, ಬಣ್ಣ ಬಂದಿದೆ" ಅಂತ ನಿಮ್ಮ ದೊಡ್ಡಮ್ಮ ಹೊಗಳಿದ್ದು ಕೇಳಿಸಿಕೊಂಡೆ. ಜೂನಿಗೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತೀಯ. ಆಗ ಯಾವ ಕ್ರೀಮನ್ನೂ ಹುಡುಕಬೇಡ. ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್ ಅನ್ನೋ ಸ್ಟೀರಾಯ್ಡ್ ಇರುವ ಟ್ಯೂಬ್ ತಂದು ಮುಖಕ್ಕೆ ಹಚ್ಚಿಕೊಂಡವರು ನನ್ನ ಕುರ್ಚಿಯಲ್ಲಿ ಕೂತಿದ್ದಾರೆ. ಮೊದಲು ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆನ್ನೆಯ ಮೇಲೆ ಕೆಂಪು ನರ ಕಾಣುತ್ತದೆ, ಬಿಟ್ಟರೆ ಉರಿ, ಬಿಡದಿದ್ದರೆ ಮೊಡವೆ. ಅಂಥವರಿಗೆ ಫೇಶಿಯಲ್ ಮಾಡದೆ ಡಾಕ್ಟರ ಹತ್ತಿರ ಕಳಿಸುತ್ತೇನೆ. ನಿನ್ನ ರೂಮ್‌ಮೇಟ್ ದಿನಾ ಹತ್ತು ಬಾಟಲಿ ಹಚ್ಚಿಕೊಂಡರೆ ಅದು ಅವಳಿಷ್ಟ. ನಿನಗೆ ಫೇಸ್‌ವಾಶ್, ಕ್ರೀಮ್, ಬೇಸಿಗೆಗೆ ಸನ್‌ಸ್ಕ್ರೀನ್. ಮುಗೀತು.

ಹುಬ್ಬಿಗೆ ಥ್ರೆಡಿಂಗ್ ಬೇಕಿದ್ದರೆ ನಾಯ್‌ಕೋಲ್ನ್, ಕ್ರಾಯ್ಟ್ಸ್‌ಬರ್ಗ್ ಕಡೆ ಟರ್ಕಿಯವರ, ಅರಬರ ಪಾರ್ಲರುಗಳಲ್ಲಿ ವಿಚಾರಿಸು. ದಾರ ಹಿಡಿಯುವುದರಲ್ಲಿ ಅವರು ನಮಗಿಂತ ಕಡಿಮೆಯೇನಲ್ಲ. ಎರಡು ಭೇಟಿಯ ನಡುವೆ ಪ್ಲಕ್ಕರ್ ಸಾಕು, ಕೆಳಗಿನ ಸಾಲು ಮಾತ್ರ ಮುಟ್ಟು. ಪ್ಯಾಡ್ ಶನಿವಾರವೇ ತಂದಿಡು, ಭಾನುವಾರ ಅಂಗಡಿ ತೆಗೆಯುವುದಿಲ್ಲ. ಮಾತ್ರೆ ಡ್ರಗ್‌ಸ್ಟೋರಿನಲ್ಲಿ ಸಿಗುವುದಿಲ್ಲ. ಹೊಟ್ಟೆನೋವಿನದು ಅಪೊಟೇಕೆಯಲ್ಲೇ, ಅಂದರೆ ಅಲ್ಲಿನ ಮೆಡಿಕಲ್ ಶಾಪಿನಲ್ಲೇ ತರಬೇಕು, ಅದನ್ನೂ ಮೊದಲೇ ತಂದಿಡು.

ಒಗ್ಗರಣೆ ಹಾಕುವ ಮುಂಚೆ ದಪ್ಪ ಜಾಕೆಟನ್ನು ಕಪಾಟಿನೊಳಗಿಟ್ಟು ಬಾಗಿಲು ಮುಚ್ಚು, ಕೂದಲಿಗೆ ಬಟ್ಟೆ ಕಟ್ಟು. ಇಂಗು, ಬೆಳ್ಳುಳ್ಳಿ ವಾಸನೆ ಉಣ್ಣೆಗೆ ಹಿಡಿದರೆ ವಾರವಾದರೂ ಬಿಡಲ್ಲ, ದಿನಾ ಒಗೆಯಲೂ ಆಗಲ್ಲ. ಸೆಂಟ್ ಸುರಿದುಕೊಂಡರೆ ಎರಡೂ ವಾಸನೆ ಸೇರಿ ಇನ್ನೂ ಕೆಟ್ಟದು. ಹಾಗಂತ ಸಾರು ಮಾಡುವುದು ಬಿಡಬೇಡ.

ಕೂದಲು ಭುಜದವರೆಗೆ ಕತ್ತರಿಸಲಾ ಅಂತ ಕೇಳಿದ್ದೆ. ಕತ್ತರಿಸು. ಅಷ್ಟುದ್ದದ ಜಡೆ ತೊಳೆದು, ಒಣಗಿಸಿ, ಎಂಟು ಗಂಟೆ ಕ್ಲಾಸಿಗೆ ಓಡುವುದು ಆ ಚಳಿಯಲ್ಲಿ ಸುಲಭ ಅಲ್ಲ. ಹೆಂಗಸರ ಕಟಿಂಗಿಗೆ ಅಲ್ಲಿ ದುಬಾರಿ, ಕೂರುವ ಮುಂಚೆ ರೇಟ್ ಕೇಳು. ತೊಳೆದು ಒಣಗಿಸುವುದಕ್ಕೆ ಬೇರೆ ಹಾಕುತ್ತಾರಾ ಅದನ್ನೂ ಕೇಳು. ಸ್ಟೆಪ್ ಬೇಡ, ನಿನ್ನ ಗುಂಗುರು ಕೂದಲಿಗೆ ಉಬ್ಬುತ್ತದೆ. ನೇರ ಕತ್ತರಿಸಲು ಹೇಳು. ಅಜ್ಜಿಗೆ ನಾನು ಹೇಳಿಕೊಳ್ಳುತ್ತೇನೆ. ಫೋಟೋ ಮಾತ್ರ ಮೊದಲು ನನಗೊಬ್ಬಳಿಗೇ ಕಳಿಸು, ಫ್ಯಾಮಿಲಿ ಗ್ರೂಪಿಗೆ ಹಾಕಬೇಡ.

ಇಂತಿ,
ನಿನ್ನ ಅಮ್ಮ