ಚಾರ್ಟ್ ಬಿಟ್ಟು ರೈಲು ಮ್ಯೂಸಿಯಂಗೆ ಬನ್ನಿ

ಮಾನ್ಯರೇ,

ಪುಟ್ಟ ಮಕ್ಕಳಿಗೆ ಸಾರಿಗೆಯ ಪಾಠ ಅಂದರೆ ಹೆಚ್ಚಿನ ಕಡೆ ಗೋಡೆಯ ಮೇಲಿನ ಒಂದು ಚಾರ್ಟ್ ಅಷ್ಟೇ. ಎತ್ತಿನಗಾಡಿ, ಬಸ್ಸು, ರೈಲು, ವಿಮಾನ. ಬಾಯಿಪಾಠ ಮಾಡಿಸಿದರೆ ಮುಗಿಯಿತು.

ಮೈಸೂರಿನಲ್ಲಿ ಇಷ್ಟಕ್ಕೇ ಸುಮ್ಮನಾಗಬೇಕಾ? ರೈಲು ನಿಲ್ದಾಣದ ಹತ್ತಿರವೇ 1979ರಲ್ಲಿ ಶುರುವಾದ ರೈಲು ಮ್ಯೂಸಿಯಂ ಇದೆ. ಉಗಿ ಎಂಜಿನ್‌ಗಳಿವೆ, ರಾಜಮನೆತನದವರು ಪ್ರಯಾಣಿಸುತ್ತಿದ್ದ 1899ರ ‘ಮಹಾರಾಣಿ ಸಲೂನ್’ ಬೋಗಿ ಇದೆ, ಹಳಿ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಕಾರೂ ಇದೆ. (ಮಕ್ಕಳು ಇದರ ಮುಂದಿಂದ ಕದಲುವುದೇ ಇಲ್ಲ!) ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದ ಜಾಗ ತೋರಿಸಿ, ನೀರು ಕುದಿದು ಬಂದ ಆವಿಯೇ ಚಕ್ರ ತಿರುಗಿಸುತ್ತಿತ್ತು ಎಂದು ಹೇಳಿ. ಮನೆಯ ಕುಕ್ಕರ್ ನೆನಪಿಸಿದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ಚಾರ್ಟ್‌ನಲ್ಲಿ ಇನ್ನೊಂದು ತೊಂದರೆ. ಹೊಸದು ಬಂದ ಕೂಡಲೇ ಹಳೆಯದೆಲ್ಲ ಹೋಯಿತು ಅನ್ನಿಸುತ್ತದೆ. ಆದರೆ ಅರಮನೆ ಸುತ್ತ ಟಾಂಗಾ ಇಂದಿಗೂ ಓಡುತ್ತಿದೆ. ಮಂಡ್ಯದ ಕಡೆ ಎತ್ತಿನಗಾಡಿಯಲ್ಲಿ ಕಬ್ಬು ಸಾಗುತ್ತದೆ. ಇನ್ನು ಹಿಂದಿನ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿಯ) ರೈಲಿನಲ್ಲಿ ಬೆಂಗಳೂರಿಗೆ ಹೋಗಿಬಂದ ಅಜ್ಜ ಅಜ್ಜಿಯರು ಊರ ತುಂಬ ಇದ್ದಾರೆ. ಅವರನ್ನೇ ಒಂದು ದಿನ ತರಗತಿಗೆ ಕರೆಸಬಹುದು, ಅಲ್ವಾ?

ಸರ್ಕಾರಿ ಶಾಲೆಗಳಿಗೆ ಇಂಥ ಭೇಟಿಗೆ ವರ್ಷಕ್ಕೊಮ್ಮೆ ಉಚಿತ ಬಸ್ ಕೊಡಲು ಶಿಕ್ಷಣ ಇಲಾಖೆ ಮನಸ್ಸು ಮಾಡಲಿ.

– ಒಬ್ಬ ಪೋಷಕಿ, ಮೈಸೂರು