‘ಕ್ಯಾಸ್ಟೆಲ್ ಫೆಲಿಚೆ’ ಹಡಗಿನ ಮೊದಲ ಹೆಸರು ‘ಕೆನ್ಯಾ’

ಮಾನ್ಯ ಸಂಪಾದಕರೇ,

ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಸಾಗಿಸಿ, ಯುದ್ಧ ಮುಗಿದ ಮೇಲೆ ಪ್ರಯಾಣಿಕರ ಹಡಗುಗಳಾದ ನೌಕೆಗಳ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅದರಲ್ಲಿ ‘ಕ್ಯಾಸ್ಟೆಲ್ ಫೆಲಿಚೆ’ಯನ್ನು 1941ರಲ್ಲಿ ಯುದ್ಧಕ್ಕೆಂದೇ ಕಟ್ಟಿದ ಹಡಗು ಎಂದು ಹೇಳಲಾಗಿದೆ. ಇದು ಬರೀ ಇಸವಿಯ ತಪ್ಪಾಗಿದ್ದರೆ ಪತ್ರ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಆದರೆ ಆ ಒಂದು ಸಾಲಿನಿಂದ ಹಡಗಿನ ಮೊದಲ ಹತ್ತು ವರ್ಷಗಳೇ ಅಳಿಸಿಹೋಗಿವೆ, ಮತ್ತು ಆ ಹತ್ತು ವರ್ಷ ಅದರಲ್ಲಿ ಹೆಚ್ಚಾಗಿ ಓಡಾಡಿದವರು ನಮ್ಮ ದೇಶದವರೇ.

ಹಡಗನ್ನು 1930ರಲ್ಲಿ ಗ್ಲಾಸ್ಗೋದ ಅಲೆಕ್ಸಾಂಡರ್ ಸ್ಟೀಫನ್ ಕಾರ್ಖಾನೆಯವರು ಕಟ್ಟಿದರು. ಕಟ್ಟಿಸಿದ್ದು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ, ಅಂದರೆ ನಮ್ಮ ಹಿರಿಯರ ಬಾಯಲ್ಲಿ ‘ಬಿ.ಐ. ಕಂಪನಿ’. ಸುಮಾರು 9,900 ಟನ್ನಿನ, ಅವಳಿ ಪ್ರೊಪೆಲ್ಲರುಗಳ ಈ ಹಡಗಿಗೆ ‘ಕೆನ್ಯಾ’ ಎಂದು ಹೆಸರಿಟ್ಟರು. ಅದರ ಜೋಡಿ ‘ಕರಂಜ’ ಮರುವರ್ಷ ಬಂತು. ಮುಂಬೈಯಿಂದ ಹೊರಟು ಸೀಶೆಲ್ಸ್, ಮೊಂಬಾಸಾ, ಜಾಂಜಿಬಾರ್, ದಾರೆಸ್ಸಲಾಮ್ ಹಾದು ಡರ್ಬನ್‌ವರೆಗೆ ಹೋಗುವುದು ಇವುಗಳ ಕೆಲಸ. ಮೊದಲ ಮತ್ತು ಎರಡನೆಯ ದರ್ಜೆಯ ಕೋಣೆಗಳಿದ್ದುದು ನಿಜ. ಆದರೆ ಬಹುಪಾಲು ಜನ ಡೆಕ್ ಪ್ಯಾಸೆಂಜರುಗಳು. ಗುಜರಾತಿ ವ್ಯಾಪಾರಿಗಳು, ಪಂಜಾಬಿ ಮಿಸ್ತ್ರಿಗಳು, ಗೋವಾದ ಗುಮಾಸ್ತರು, ಅವರ ನಡುವೆ ನಮ್ಮ ಕರಾವಳಿಯ ಕೆಲವರು.

ನನ್ನ ದೊಡ್ಡಪ್ಪ 1930ರ ದಶಕದ ಕೊನೆಯಲ್ಲಿ ಲೆಕ್ಕ ಬರೆಯುವ ನೌಕರಿ ಹಿಡಿದು ಮೊಂಬಾಸಾಕ್ಕೆ ಹೋದದ್ದು ಈ ಕಂಪನಿಯ ಡೆಕ್ಕಿನಲ್ಲೇ. ಡೆಕ್ ಟಿಕೆಟಿಗೆ ಮಂಚವಿಲ್ಲ, ಕೋಣೆಯಿಲ್ಲ. ಚಾಪೆ ಹಾಸಿದಷ್ಟು ಜಾಗವೇ ನಮ್ಮದು ಎಂದು ಅವರು ಹೇಳುತ್ತಿದ್ದರು. ಹಡಗು ಹತ್ತಿದ ಕೂಡಲೇ ಓಡಿಹೋಗಿ, ಗಾಳಿ ಬರುವ ಆದರೆ ನೀರು ಎರಚದ ಮೂಲೆಯಲ್ಲಿ ಚಾಪೆ ಬಿಡಿಸಿ, ಅದರ ತಲೆದೆಸೆಗೆ ಟ್ರಂಕು ಇಟ್ಟವನೇ ಜಾಣ. ಅಲೆ ಜೋರಾಗಿ ಡೆಕ್ಕಿನ ಮೇಲೆ ನೀರು ಹರಿದಾಗ ಎಲ್ಲರೂ ಹಾಸಿಗೆಯ ಸುರುಳಿಯನ್ನು ಹೆಗಲಿಗೇರಿಸಿ ನಿಂತುಕೊಳ್ಳುತ್ತಿದ್ದರಂತೆ. ಟ್ರಂಕನ್ನು ಮಾತ್ರ ಎತ್ತಲು ಆಗುತ್ತಿರಲಿಲ್ಲ. ಆ ತಗಡಿನ ಟ್ರಂಕು ಈಗಲೂ ನಮ್ಮ ಮನೆಯ ಅಟ್ಟದಲ್ಲಿದೆ. ಮೇಲಿನ ಹಸಿರು ಬಣ್ಣ ಮಾಸದಿದ್ದರೂ ಬುಡದಿಂದ ನಾಲ್ಕು ಬೆರಳೆತ್ತರಕ್ಕೆ ಸುತ್ತಲೂ ಉಪ್ಪುನೀರು ತಿಂದ ತುಕ್ಕಿನ ಗೆರೆ ಕಾಣುತ್ತದೆ.

ಯುದ್ಧಕಾಲದ ಬಗ್ಗೆಯೂ ಒಂದು ಮಾತು. ‘ಕೆನ್ಯಾ’ವನ್ನು ಬ್ರಿಟಿಷ್ ನೌಕಾಪಡೆ ತೆಗೆದುಕೊಂಡಾಗ ಅದರಲ್ಲಿ ಆಗಲೇ ಅದೇ ಹೆಸರಿನ ಕ್ರೂಸರ್ ಯುದ್ಧನೌಕೆ ಒಂದಿತ್ತು. ಹಾಗಾಗಿ 1941ರಲ್ಲಿ ಇದಕ್ಕೆ ಮೊದಲು ‘ಹೈಡ್ರಾ’ ಎಂದೂ ಬಳಿಕ ‘ಕೆರೆನ್’ ಎಂದೂ ಹೆಸರಾಯಿತು. ಕೆರೆನ್ ಎಂಬುದು ಎರಿಟ್ರಿಯಾದ ಬೆಟ್ಟಗಳ ನಡುವಿನ ಊರು. ಅದೇ ವರ್ಷದ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಭಾರತೀಯ ಸೇನೆಯ 4 ಮತ್ತು 5ನೆಯ ಡಿವಿಜನ್ನುಗಳು ಇಟಾಲಿಯನ್ನರೊಡನೆ ಕಾದಾಡಿ ಗೆದ್ದ ಜಾಗ. ಲೇಖನದಲ್ಲಿ ಇದನ್ನು ‘ಸೈನಿಕರನ್ನು ಸಾಗಿಸುವ ಹಡಗು’ ಎಂದಷ್ಟೇ ಕರೆದಿದ್ದಾರೆ. ವಾಸ್ತವವಾಗಿ ಅದನ್ನು ಶತ್ರುವಿನ ತೀರದಲ್ಲೇ ಸೈನಿಕರನ್ನು ಇಳಿಸುವ ಹಡಗನ್ನಾಗಿ ಮಾರ್ಪಡಿಸಲಾಗಿತ್ತು. ಪ್ರಯಾಣಿಕರ ಜೀವರಕ್ಷಕ ದೋಣಿಗಳನ್ನು ತೂಗುಹಾಕುವ ಪಕ್ಕಗಳಲ್ಲಿ, ತಲಾ ಮೂವತ್ತೈದರಷ್ಟು ಮಂದಿ ಹಿಡಿಸುವ ಚಪ್ಪಟೆ ತಳದ ದಾಳಿ ದೋಣಿಗಳನ್ನು ಸಾಲಾಗಿ ತೂಗುಹಾಕಿದ್ದರು. ಸೈನಿಕರು ಡೆಕ್ಕಿನ ಮಟ್ಟದಲ್ಲೇ ದೋಣಿ ಹತ್ತಿ ಕುಳಿತರೆ ದೋಣಿಯನ್ನು ಅವರ ಸಮೇತ ನೀರಿಗಿಳಿಸಬಹುದಾಗಿತ್ತು. 1942ರ ಮೇ 5ರಂದು ಮಡಗಾಸ್ಕರಿನ ಡಿಯೇಗೋ ಸ್ವಾರೆಜ್ ಬಂದರನ್ನು ಹಿಡಿಯಲು ಹೋದ ಪಡೆಯಲ್ಲಿ ‘ಕೆರೆನ್’ ಮತ್ತು ‘ಕರಂಜ’ ಎರಡೂ ಇದ್ದವು. ಆ ಬಂದರು ಜಪಾನಿನ ಕೈಗೆ ಸಿಕ್ಕರೆ ಭಾರತದ ಕಡೆಯ ಹಡಗು ದಾರಿಗೇ ಕುತ್ತು ಬರುತ್ತದೆಂಬ ಭಯ ಬ್ರಿಟಿಷರಿಗಿತ್ತು. ತಿಂಗಳು ತಿಂಗಳೂ ಓಡಾಡಿ ಪಳಗಿದ ಸಮುದ್ರಕ್ಕೇ ಈ ಜೋಡಿ ಯುದ್ಧಕ್ಕೆಂದು ಮರಳಿದ್ದು ನನಗೆ ವಿಚಿತ್ರವೆನಿಸುತ್ತದೆ.

ಅದೇ ವರ್ಷದ ನವೆಂಬರಿನಲ್ಲಿ ಅಲ್ಜೀರಿಯಾದ ಬೂಜಿ ಬಂದರಿನ ಬಳಿ ವಿಮಾನ ದಾಳಿಗೆ ಸಿಕ್ಕಿ ‘ಕರಂಜ’ ಮುಳುಗಿತು. 1943ರ ಸಿಸಿಲಿ ಕಾರ್ಯಾಚರಣೆಯಲ್ಲೂ ಪಾಲ್ಗೊಂಡ ‘ಕೆರೆನ್’ ಯುದ್ಧ ಮುಗಿಯುವವರೆಗೂ ಉಳಿಯಿತು. ಆಮೇಲೆ ಸ್ಕಾಟ್ಲೆಂಡಿನಲ್ಲಿ ಕೆಲಸವಿಲ್ಲದೆ ಲಂಗರು ಹಾಕಿ ನಿಂತಿದ್ದ ಹಡಗನ್ನು 1949ರಲ್ಲಿ ಸಿತ್ಮಾರ್ ಎಂಬ ಹಡಗು ಕಂಪನಿಯ ಒಡೆಯ ಅಲೆಕ್ಸಾಂಡರ್ ವ್ಲಾಸೋವ್ ಕೊಂಡುಕೊಂಡ. ರಷ್ಯಾ ಬಿಟ್ಟುಬಂದ ವ್ಯಾಪಾರಿ ಆತ. ಹೊಗೆಕೊಳವೆಯ ಮೇಲೆ ಆತನ ಹೆಸರಿನ ಮೊದಲಕ್ಷರ ‘ವಿ’ ಬಂತು, ಒಡಲಿಗೆ ಬಿಳಿ ಬಣ್ಣ ಬಂತು, ಒಳಗೆಲ್ಲ ಹೊಸ ಕೋಣೆಗಳೆದ್ದವು. 1952ರ ಅಕ್ಟೋಬರಿನಲ್ಲಿ ಅದು ‘ಕ್ಯಾಸ್ಟೆಲ್ ಫೆಲಿಚೆ’, ಅಂದರೆ ಸುಖದ ಕೋಟೆ ಎಂಬ ಹೆಸರಿನಲ್ಲಿ ಜಿನೋವಾದಿಂದ ಆಸ್ಟ್ರೇಲಿಯಾಕ್ಕೆ ಹೊರಟಿತು. ಅಲ್ಲಿಂದ 1970ರವರೆಗಿನ ಕಥೆಯನ್ನು ತಮ್ಮ ಲೇಖಕರು ಸೊಗಸಾಗಿ ಹೇಳಿದ್ದಾರಾದ್ದರಿಂದ ನಾನು ಅದನ್ನು ಮತ್ತೆ ಹೇಳುವುದಿಲ್ಲ.

ಆದರೆ ಅವರು ಹೇಳದೆ ಬಿಟ್ಟ ಒಂದು ಸಂಗತಿಯಿದೆ. ಆ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ವಲಸೆ ಹೋದ ಯೂರೋಪಿನವರಲ್ಲಿ ಅನೇಕರಿಗೆ ಟಿಕೆಟಿನ ಬಹುಪಾಲನ್ನು ಸರ್ಕಾರಗಳೇ ಭರಿಸುತ್ತಿದ್ದವು. ನೆರವಿನ ಯೋಜನೆಯಲ್ಲಿ ಹೊರಟ ವಯಸ್ಕ ಬ್ರಿಟಿಷರು ಕೊಡಬೇಕಿದ್ದುದು ಹತ್ತು ಪೌಂಡ್ ಮಾತ್ರ. ಅದೇ ಕಾಲಕ್ಕೆ, 1901ರ ವಲಸೆ ನಿರ್ಬಂಧ ಕಾಯ್ದೆಯಿಂದ ಬೆಳೆದು ಬಂದ ‘ಬಿಳಿಯರ ಆಸ್ಟ್ರೇಲಿಯಾ’ ನೀತಿಯ ಕಾರಣ ಭಾರತೀಯರಿಗೆ ಅಲ್ಲಿ ನೆಲೆಸುವ ದಾರಿ ಹೆಚ್ಚುಕಡಿಮೆ ಮುಚ್ಚಿತ್ತು. ಆ ನೀತಿ 1966ರಲ್ಲಿ ಸಡಿಲಗೊಂಡು, ಪೂರ್ತಿ ಹೋದದ್ದು 1973ರಲ್ಲಿ. ಅಂದರೆ, ಭಾರತೀಯರು ಕೈಯಿಂದ ಹಣ ತೆತ್ತು ಬರಿ ಹಲಗೆಯ ಮೇಲೆ ಮಲಗಿ ಹೋದ ಹಡಗಿನಲ್ಲೇ, ಮುಂದೆ ಭಾರತೀಯರಿಗೆ ಪ್ರವೇಶವಿಲ್ಲದ ದೇಶಕ್ಕೆ ಬೇರೆಯವರು ಸರ್ಕಾರದ ಖರ್ಚಿನಲ್ಲಿ ಮಂಚದ ಮೇಲೆ ಮಲಗಿ ಹೋದರು. ಮಂಚ ಸಿಕ್ಕವರ ಮೇಲೆ ನನಗೇನೂ ಸಿಟ್ಟಿಲ್ಲ. ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಬಡವರೂ ಅವರಲ್ಲಿದ್ದರು. ಹಡಗಿನ ಕಥೆ ಬರೆಯುವಾಗ ಮೊದಲು ಚಾಪೆ ಹಾಸಿದವರನ್ನು ಬಿಟ್ಟುಬಿಡುವುದು ಮಾತ್ರ ಸರಿಯಲ್ಲ.

1970ರ ಅಕ್ಟೋಬರಿನಲ್ಲಿ ಹಡಗು ತೈವಾನಿನ ಕಾವ್‌ಶುಂಗ್ ಬಂದರಿನ ಗುಜರಿಗೆ ಹೋಯಿತು ಎಂದು ಲೇಖನದಲ್ಲಿರುವುದು ಸರಿಯಾಗಿಯೇ ಇದೆ. ಅಂತರ್ಜಾಲ ಆವೃತ್ತಿಯಲ್ಲಾದರೂ ‘1941ರಲ್ಲಿ ಕಟ್ಟಿದ’ ಎಂಬುದನ್ನು ‘1930ರಲ್ಲಿ ಕಟ್ಟಿದ’ ಎಂದು ತಿದ್ದಿ, ಹೆಸರುಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ‘ಕೆನ್ಯಾ, ಮುಂಬೈ–ಆಫ್ರಿಕಾ ಮಾರ್ಗ’ ಎಂದು ಸೇರಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಕುಂದಾಪುರ