ಮನಸ್ಸಿಗೆ ಒಂದೇ ಜೀನ್ ಹೊಣೆಯಲ್ಲ

ಮಾನ್ಯರೇ,

ಖಿನ್ನತೆಗೆ ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕವಾದ ಸೆರೊಟೋನಿನ್‌ನ ಕೊರತೆಯೇ ಕಾರಣ, ಅದು ಹುಟ್ಟಿನಿಂದಲೇ ಬಂದದ್ದು ಎಂಬ ಮಾತು ಈಗಲೂ ಸಲೀಸಾಗಿ ಕೇಳಿಬರುತ್ತದೆ. ಸೆರೊಟೋನಿನ್ ಅನ್ನು ನರಕೋಶಕ್ಕೆ ಮರಳಿ ಸೆಳೆದುಕೊಳ್ಳುವ ಪ್ರೋಟೀನಿನ ಜೀನ್ ಗಿಡ್ಡ ರೂಪದಲ್ಲಿರುವವರು ಬದುಕಿನ ಆಘಾತಗಳಿಗೆ ಸಿಕ್ಕಾಗ ಬೇಗ ಖಿನ್ನರಾಗುತ್ತಾರೆಂದು 2003ರ ಅಧ್ಯಯನವೊಂದು ಹೇಳಿತ್ತಾದರೂ, ಲಕ್ಷಾಂತರ ಜನರ ಮಾಹಿತಿಯನ್ನು ಜಾಲಾಡಿದ 2019ರ ವಿಶ್ಲೇಷಣೆಯಲ್ಲಿ ಆ ನಂಟು ನಿಲ್ಲಲಿಲ್ಲ. ಅನುವಂಶೀಯತೆಯ ಪಾಲು ಇದೆ, ನಿಜ. ಅದು ಅನೇಕ ಜೀನ್‌ಗಳಲ್ಲಿ ಚೂರುಚೂರಾಗಿ ಹಂಚಿಹೋಗಿದೆ.

‘ಏನನ್ನಿಸುತ್ತಿದೆ?’ ಎಂದು ಕೇಳಿದರೆ ‘ಎದೆ ಭಾರ, ಹೊಟ್ಟೆ ತೊಳಸುತ್ತಿದೆ’ ಎನ್ನುವಷ್ಟೇ ಶಕ್ತರಾಗಿ, ಅದು ದುಃಖವೋ ಭಯವೋ ಎಂದು ಗುರುತಿಸಲಾರದವರಿದ್ದಾರೆ. ಅಲೆಕ್ಸಿಥೈಮಿಯಾ ಎನ್ನುವ ಈ ಸ್ವಭಾವಕ್ಕೂ ಒಂದೇ ಜೀನನ್ನು ದೂರುವುದು, ಅದರ ಹೆಸರಿನಲ್ಲಿ ಪರೀಕ್ಷೆ ಮಾರುವುದಂತೂ, ಆತುರದ ಕೆಲಸ. ಹಾಗೆಂದು ಖಿನ್ನತೆಗೆ ಮಾತ್ರೆ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

– ಓರ್ವ ಓದುಗ